ಕಾಲಿನ ಮೇಲೆ ಕೆಂಪು ಕಲೆ, ಹೊಟ್ಟೆಯೊಳಗೆ ಎಚ್. ಪೈಲೋರಿ: ಔಷಧಿ ಯಾವಾಗ ಬೇಕು, ಯಾವಾಗ ಬೇಡ?

ಜೂನ್‌ನಲ್ಲಿ ಶಾಲೆ ಶುರುವಾಗಿ ಮಳೆ ಹಿಡಿಯಿತೆಂದರೆ ಜ್ಞಾನಭಾರತಿ, ಮಲ್ಲತ್ತಹಳ್ಳಿ, ಉಲ್ಲಾಳ, ಕೆಂಗೇರಿ ಉಪನಗರದ ಮನೆಗಳಲ್ಲಿ ಮಕ್ಕಳಿಗೆ ಶೀತ, ಗಂಟಲುನೋವು, ಜ್ವರ ಸರದಿಯಂತೆ ಬರುತ್ತವೆ. ಹೆಚ್ಚಿನವು ನಾಲ್ಕೈದು ದಿನಕ್ಕೆ ಬಿಟ್ಟುಹೋಗುತ್ತವೆ. ಅಪರೂಪಕ್ಕೊಂದು ಮಗುವಿಗೆ ಶೀತ ವಾಸಿಯಾಗಿ ವಾರ, ಹತ್ತು ದಿನ ಕಳೆದ ಮೇಲೆ ಮೊಣಕಾಲಿನ ಕೆಳಗೆ, ಪೃಷ್ಠದ ಮೇಲೆ ಕೆಂಪು ಕಲೆ ಏಳುತ್ತದೆ. ಮೊದಲ ದಿನ ನೋಡಿದವರು ಪಿತ್ತದ ಗಂಧೆ ಅನ್ನುತ್ತಾರೆ, ಇಲ್ಲವೇ ಸೊಳ್ಳೆ ಕಡಿತ ಅನ್ನುತ್ತಾರೆ. ಮರುದಿನ ಕಲೆ ನೇರಳೆಗೆ ತಿರುಗುತ್ತದೆ, ಕಾಲುಚೀಲದ ಎಲಾಸ್ಟಿಕ್ ಒತ್ತಿದ ಕಡೆ ಸಾಲಾಗಿ ಏಳುತ್ತದೆ, ಪಾದದ ಗಂಟು ಊದಿ ಮಗು ಕುಂಟತೊಡಗುತ್ತದೆ. ಆಮೇಲೆ ಹೊಟ್ಟೆನೋವು.

ಬೆಂಗಳೂರಿನಲ್ಲಿ ಕೆಂಪು ಚುಕ್ಕೆ ಕಂಡರೆ ಮೊದಲು ನೆನಪಾಗುವುದು ಡೆಂಗೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿದ ಮೇಲಂತೂ ಈ ಭಯ ಸಹಜ. ರಕ್ತ ಪರೀಕ್ಷೆಗೆ ಕೊಟ್ಟರೆ ಎರಡು ಕಾಯಿಲೆಗಳ ದಾರಿ ಬೇರೆಯಾಗುತ್ತದೆ. ಡೆಂಗೆಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ನಾವೀಗ ಮಾತಾಡುತ್ತಿರುವ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಸರಿಯಾಗಿಯೇ ಇರುತ್ತದೆ, ಕೆಲವೊಮ್ಮೆ ಹೆಚ್ಚೂ ಇರುತ್ತದೆ. ಗಾಜಿನ ಲೋಟದ ಬದಿಯಿಂದ ಒತ್ತಿದರೂ ಕಲೆ ಮಾಯವಾಗುವುದಿಲ್ಲ, ಬೆರಳಾಡಿಸಿದರೆ ಸ್ವಲ್ಪ ಉಬ್ಬಿದಂತೆ ತಗಲುತ್ತದೆ. ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ಒತ್ತಿದರೂ ಮಾಯವಾಗದ ಕಲೆಯ ಜೊತೆ ಜೋರು ಜ್ವರ, ಮಂಪರು, ಕುತ್ತಿಗೆ ಬಿಗಿತ ಇದ್ದರೆ ಅದು ಬೇರೆಯೇ ತುರ್ತು. ಲೋಟ, ಲೇಖನ ಎಲ್ಲ ಬಿಟ್ಟು ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕು.

ಈ ಕಾಯಿಲೆಯ ಹೆಸರು ಹೆನಾಕ್–ಶೋನ್‌ಲೈನ್ ಪರ್ಪ್ಯುರಾ, ವೈದ್ಯರ ಬಾಯಲ್ಲಿ ಎಚ್‌ಎಸ್‌ಪಿ. ಜರ್ಮನಿಯ ಶೋನ್‌ಲೈನ್ 1837ರಲ್ಲಿ ಕಲೆ ಮತ್ತು ಗಂಟುನೋವಿನ ನಂಟು ವಿವರಿಸಿದ. ಆತನ ಶಿಷ್ಯ ಹೆನಾಕ್ ಮುಂದೆ ಅದಕ್ಕೆ ಹೊಟ್ಟೆನೋವನ್ನೂ ಮೂತ್ರಪಿಂಡದ ತೊಂದರೆಯನ್ನೂ ಸೇರಿಸಿದ. 2012ರ ಚಾಪೆಲ್ ಹಿಲ್ ಸಮಾವೇಶ ಇದಕ್ಕೆ ‘ಐಜಿಎ ವ್ಯಾಸ್ಕುಲೈಟಿಸ್’ ಎಂದು ಮರುನಾಮಕರಣ ಮಾಡಿತು. ಒಬ್ಬ ವೈದ್ಯರ ಚೀಟಿಯಲ್ಲಿ ಹಳೆಯ ಹೆಸರು, ಇನ್ನೊಬ್ಬರ ಚೀಟಿಯಲ್ಲಿ ಹೊಸದು ಇದ್ದರೆ ಮಗುವಿಗೆ ಎರಡು ಕಾಯಿಲೆ ಎಂದು ಗಾಬರಿಯಾಗಬೇಕಿಲ್ಲ. ಮಕ್ಕಳಿಗೆ ಬರುವ ರಕ್ತನಾಳದ ಉರಿಯೂತಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ. ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಹತ್ತರಿಂದ ಇಪ್ಪತ್ತು ಮಂದಿಗೆ ಬರುತ್ತದೆ, ಅದರಲ್ಲೂ ನಾಲ್ಕರಿಂದ ಏಳು ವರ್ಷದವರಿಗೆ ಹೆಚ್ಚು.

ಎಲ್ಲಿ ಸೋರುತ್ತದೆ, ಏಕೆ ಸೋರುತ್ತದೆ

ಮೂಗು, ಗಂಟಲು, ಹೊಟ್ಟೆ, ಕರುಳಿನ ಒಳಪದರದಲ್ಲಿ ನಮ್ಮ ದೇಹ ಐಜಿಎ ಎಂಬ ಪ್ರತಿಕಾಯವನ್ನು ತಯಾರಿಸುತ್ತಲೇ ಇರುತ್ತದೆ. ಹೊರಗಿನಿಂದ ಬಂದ ರೋಗಾಣುವನ್ನು ಒಳಪದರದಲ್ಲೇ ತಡೆಯುವುದು ಇದರ ಕೆಲಸ. ಈ ಪ್ರತಿಕಾಯದ ನಡುವಿನ ಕೀಲಿನಂಥ ಭಾಗಕ್ಕೆ ಸಕ್ಕರೆಯ ಅಣುಗಳು ಜೋಡಣೆಯಾಗಿರಬೇಕು. ಎಚ್‌ಎಸ್‌ಪಿ ಮಕ್ಕಳಲ್ಲಿ, ಮುಖ್ಯವಾಗಿ ಮೂತ್ರಪಿಂಡಕ್ಕೆ ತೊಂದರೆಯಾದವರಲ್ಲಿ, ಗ್ಯಾಲಕ್ಟೋಸ್ ಎಂಬ ಸಕ್ಕರೆ ಕಡಿಮೆಯಾದ ಐಜಿಎ ರಕ್ತದಲ್ಲಿ ಹೆಚ್ಚಿರುತ್ತದೆ. ಅದು ಗಂಟುಗಂಟಾಗಿ ಸೇರಿಕೊಂಡು ಅತಿ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಕೂರುತ್ತದೆ. ಅಲ್ಲಿ ಉರಿಯೂತ ಎದ್ದು ಗೋಡೆ ಸಡಿಲವಾಗಿ ರಕ್ತಕಣಗಳು ಹೊರಗೆ ಜಿನುಗುತ್ತವೆ. ಚರ್ಮದಲ್ಲಿ ಜಿನುಗಿದರೆ ಕಲೆ, ಕರುಳಿನಲ್ಲಾದರೆ ಹೊಟ್ಟೆನೋವು ಮತ್ತು ಮಲದಲ್ಲಿ ರಕ್ತ, ಮೂತ್ರಪಿಂಡದ ಸೋಸುವ ಜಾಲರಿಯಲ್ಲಾದರೆ ಮೂತ್ರದಲ್ಲಿ ರಕ್ತ ಮತ್ತು ಪ್ರೋಟೀನ್. ನಿಂತು ಓಡಾಡುವ ಮಗುವಿಗೆ ರಕ್ತದ ಒತ್ತಡವೆಲ್ಲ ಕಾಲಿನ ಕಡೆ ಇರುವುದರಿಂದ ಕಲೆಗಳೂ ಅಲ್ಲೇ ಹೆಚ್ಚು.

ಗಂಟುನೋವು ಮಗುವನ್ನು ಅಳಿಸುತ್ತದೆ, ಗಂಟನ್ನು ಕೆಡಿಸುವುದಿಲ್ಲ. ಹೊಟ್ಟೆಯ ವಿಷಯ ಹಾಗಲ್ಲ. ಊದಿಕೊಂಡ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸೇರಿಕೊಳ್ಳುವ ಅಪಾಯ ಕೆಲವು ಮಕ್ಕಳಿಗಿದೆ. ಕೆಲವರಿಗೆ ಕಲೆ ಏಳುವ ಮೊದಲೇ ಹೊಟ್ಟೆನೋವು ಬಂದು ಅಪೆಂಡಿಕ್ಸ್ ಎಂದು ಶಸ್ತ್ರಚಿಕಿತ್ಸೆಯವರೆಗೂ ಹೋಗುವುದುಂಟು. ಈ ಹೊಟ್ಟೆನೋವಿನ ಹುಡುಕಾಟದಲ್ಲೇ ಎಚ್. ಪೈಲೋರಿ ಎಂಬ ಹೆಸರು ಚೀಟಿಯ ಮೇಲೆ ಬರುವುದು.

ಆಮ್ಲದಲ್ಲಿ ಬದುಕುವ ಬ್ಯಾಕ್ಟೀರಿಯಾ

ಹೆಲಿಕೋಬ್ಯಾಕ್ಟರ್ ಪೈಲೋರಿ ಸುರುಳಿ ಆಕಾರದ ಬ್ಯಾಕ್ಟೀರಿಯಾ. ಜಠರದ ಆಮ್ಲದಲ್ಲಿ ಏನೂ ಬದುಕದು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, 1982ರಲ್ಲಿ, ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದನ್ನು ಬೆಳೆಸಿ ತೋರಿಸಿದರು. ಒಪ್ಪದವರನ್ನು ಒಪ್ಪಿಸಲು ಮಾರ್ಷಲ್ 1984ರಲ್ಲಿ ತಾವೇ ಅದನ್ನು ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಇದರ ಬದುಕಿನ ಗುಟ್ಟು ಯೂರಿಯೇಸ್ ಎಂಬ ಕಿಣ್ವ. ಯೂರಿಯಾವನ್ನು ಒಡೆದು ಅಮೋನಿಯಾ ಮಾಡಿ ತನ್ನ ಸುತ್ತಲಿನ ಆಮ್ಲವನ್ನು ಅದು ತಣಿಸಿಕೊಳ್ಳುತ್ತದೆ. ಕೆಲವು ಪರೀಕ್ಷೆಗಳಲ್ಲಿ ಇದನ್ನು ಹಿಡಿದುಕೊಡುವುದೂ ಇದೇ ಕಿಣ್ವವೇ.

ಜಠರದ ಒಳಪದರದಲ್ಲಿ ವರ್ಷಗಟ್ಟಲೆ ಕೂತ ಬ್ಯಾಕ್ಟೀರಿಯಾ ಐಜಿಎ ತಯಾರಿಕೆಯನ್ನು ಕೆಣಕುತ್ತಲೇ ಇರುತ್ತದೆ. ಹಾಗಾದರೆ ರಕ್ತನಾಳದ ಉರಿಯೂತಕ್ಕೂ ಇದೇ ಕಿಡಿಯಾಗಿರಬಹುದಲ್ಲವೇ? 1995ರಲ್ಲಿ ಎಚ್‌ಎಸ್‌ಪಿ ಇದ್ದ ವಯಸ್ಕ ರೋಗಿಯೊಬ್ಬರಲ್ಲಿ ಎಚ್. ಪೈಲೋರಿಗೆ ಚಿಕಿತ್ಸೆ ಕೊಟ್ಟಾಗ ಕಲೆಗಳು ಶಮನವಾದ ವರದಿ ಬಂದ ಮೇಲೆ ಈ ಪ್ರಶ್ನೆಗೆ ಜೀವ ಬಂತು. ಹೆಚ್ಚು ಕೆಲಸ ನಡೆದದ್ದು ಚೀನಾದಲ್ಲಿ. ಅಲ್ಲಿನ ಹತ್ತು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಎಚ್‌ಎಸ್‌ಪಿ ಬಂದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಈ ಬ್ಯಾಕ್ಟೀರಿಯಾ ಇತ್ತು. ಹೋಲಿಕೆಗೆ ತೆಗೆದುಕೊಂಡ ಮಕ್ಕಳಲ್ಲಿ ಕಾಲು ಭಾಗಕ್ಕಿಂತ ಕಡಿಮೆ. ಹೊಟ್ಟೆನೋವು ಪ್ರಧಾನವಾಗಿದ್ದವರಲ್ಲಿ ನಂಟು ಇನ್ನೂ ಗಟ್ಟಿ. ಬ್ಯಾಕ್ಟೀರಿಯಾವನ್ನು ನಿರ್ಮೂಲ ಮಾಡಿದ ಮಕ್ಕಳಲ್ಲಿ ಕಾಯಿಲೆ ಮರುಕಳಿಸುವುದೂ ಕಡಿಮೆಯಾಗಿತ್ತು. ಎಚ್‌ಎಸ್‌ಪಿ ಬಂದ ಮಕ್ಕಳಲ್ಲಿ ಸರಿಸುಮಾರು ಮೂರರಲ್ಲಿ ಒಂದು ಮಗುವಿಗೆ ಅದು ಮತ್ತೆ ಬರುತ್ತದೆ ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಆದರೆ ಆ ಅಧ್ಯಯನಗಳಲ್ಲಿ ಹೆಚ್ಚಿನವು ಸಣ್ಣವು, ಒಂದೇ ದೇಶದವು. ಅದಕ್ಕಿಂತ ದೊಡ್ಡ ತೊಡಕು ನಮ್ಮ ಊರಿನದು. 1990ರ ದಶಕದಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಬೆಂಗಳೂರಿನ ಶಾಲಾ ಮಕ್ಕಳಿಗೆ ಉಸಿರಿನ ಪರೀಕ್ಷೆ ಮಾಡಿದಾಗ ಬಹುಪಾಲು ಮಕ್ಕಳಲ್ಲಿ ಎಚ್. ಪೈಲೋರಿ ಸಿಕ್ಕಿತ್ತು. ಅವರು ರೋಗಿಗಳಲ್ಲ, ಪಾಠ ಕೇಳುತ್ತಾ ಆಡಿಕೊಂಡಿದ್ದ ಮಕ್ಕಳು. ಬೀದಿಯ ಮನೆಮನೆಯಲ್ಲೂ ಏಣಿ ಇರುವಾಗ, ಏಣಿ ಸಿಕ್ಕಿತೆಂದು ಮನೆಯವನನ್ನು ಕಳ್ಳನೆಂದು ಹಿಡಿಯಲಾಗದು. ಕಾಲಿನಲ್ಲಿ ಕಲೆ ಎದ್ದ ನಮ್ಮೂರಿನ ಮಗುವಿನಲ್ಲಿ ‘ಎಚ್. ಪೈಲೋರಿ ಪಾಸಿಟಿವ್’ ಎಂದು ಬಂದರೆ, ಅದೇ ಕಾಯಿಲೆಗೆ ಕಾರಣ ಎಂದು ತೀರ್ಮಾನಿಸಲು ಅಷ್ಟು ಸಾಲದು. ಚೀನಾದ ಅಂಕಿಯನ್ನು ಹಾಗೇ ಎತ್ತಿ ಉಲ್ಲಾಳಕ್ಕೆ ತಂದು ಕೂರಿಸುವ ಹಾಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಯಾರಿಗೆ ಹುಡುಕಬೇಕು?

ಕಲೆ ಮತ್ತು ಗಂಟುನೋವು ಮಾತ್ರ ಇರುವ, ಚೆನ್ನಾಗಿ ಉಣ್ಣುತ್ತಿರುವ ಮಗುವಿಗೆ ಈ ಹುಡುಕಾಟ ಬೇಡ. ಅದಕ್ಕೆ ಬೇಕಾದದ್ದು ವಿಶ್ರಾಂತಿ, ನೀರು, ನೋವಿಗೆ ವೈದ್ಯರು ಹೇಳಿದ ಪ್ರಮಾಣದ ಪ್ಯಾರಾಸಿಟಮಾಲ್. ನಾಲ್ಕಾರು ವಾರದಲ್ಲಿ ಕಾಯಿಲೆ ತಾನಾಗಿ ಇಳಿಯುವುದೇ ಹೆಚ್ಚು. ಮಕ್ಕಳ ಹೊಟ್ಟೆರೋಗ ತಜ್ಞರ ಯುರೋಪ್ ಮತ್ತು ಉತ್ತರ ಅಮೆರಿಕದ ಸಂಘಗಳ ಮಾರ್ಗಸೂಚಿಯೂ ಸುಮ್ಮನೆ ಹೊಟ್ಟೆನೋವು ಎಂದ ಮಕ್ಕಳಿಗೆಲ್ಲ ಎಚ್. ಪೈಲೋರಿ ಪರೀಕ್ಷೆ ಮಾಡಿ ಮಾತ್ರೆ ಕೊಡಬೇಡಿ ಎನ್ನುತ್ತದೆ.

ಹುಡುಕುವುದಕ್ಕೆ ಅರ್ಥವಿರುವ ಸಂದರ್ಭಗಳು ಬೇರೆ. ಮೇಲುಹೊಟ್ಟೆಯ ನೋವು ಬಿಡದೆ ಕಾಡುತ್ತಿದೆ, ವಾಂತಿಯಲ್ಲಿ ರಕ್ತ ಬಂದಿದೆ, ಮಲ ಡಾಂಬರಿನಂತೆ ಕಪ್ಪಾಗಿದೆ; ಇಲ್ಲವೇ ಕಲೆ, ಹೊಟ್ಟೆನೋವು ತಿಂಗಳುಗಟ್ಟಲೆ ಬಿಟ್ಟುಬಿಟ್ಟು ಮರಳುತ್ತಿವೆ; ಇಲ್ಲವೇ ಮಗುವಿಗೆ ಸ್ಟೀರಾಯ್ಡ್ ನಡೆದಿದೆ, ಜೊತೆಗೆ ಹುಣ್ಣಿನ ಶಂಕೆಯಿದೆ. ಇಂಥಲ್ಲಿ ಎಂಡೋಸ್ಕೋಪಿ ಮಾಡಿದರೆ ಎರಡು ಲಾಭ. ಸಣ್ಣ ಕರುಳಿನ ಮೊದಲ ಭಾಗದಲ್ಲಿ, ಅದರಲ್ಲೂ ಕೆಳಕ್ಕಿಳಿಯುವ ಭಾಗದಲ್ಲಿ, ಎಚ್‌ಎಸ್‌ಪಿಯ ಕೆಂಪು ಗಾಯಗಳು ಕಾಣಬಹುದು. ಅದೇ ಹೊತ್ತಿಗೆ ಜಠರದಿಂದ ಚೂರು ತೆಗೆದು ಬ್ಯಾಕ್ಟೀರಿಯಾ ಇದೆಯೇ, ಹುಣ್ಣಿದೆಯೇ ಎಂದೂ ನೋಡಬಹುದು. ಮಕ್ಕಳಲ್ಲಿ ಖಚಿತವಾಗಿ ಹೇಳಲು ಇದೇ ದಾರಿ.

ಎಂಡೋಸ್ಕೋಪಿ ಬೇಡವೆಂದಾದರೆ ಉಸಿರಿನ ಪರೀಕ್ಷೆ ಅಥವಾ ಮಲದ ಆ್ಯಂಟಿಜೆನ್ ಪರೀಕ್ಷೆ. ಉಸಿರಿನದರಲ್ಲಿ ಮಗು ಕಾರ್ಬನ್-13 ಬೆರೆಸಿದ ಯೂರಿಯಾ ದ್ರಾವಣ ಕುಡಿದು ಚೀಲಕ್ಕೆ ಊದುತ್ತದೆ. ಬ್ಯಾಕ್ಟೀರಿಯಾ ಇದ್ದರೆ ಯೂರಿಯಾ ಒಡೆದು ಆ ಕಾರ್ಬನ್ ಉಸಿರಿನಲ್ಲಿ ಹೊರಬರುತ್ತದೆ. ಈ ಕಾರ್ಬನ್‌ಗೆ ವಿಕಿರಣವಿಲ್ಲ. ಊದಲು ಬಾರದ ಪುಟ್ಟ ಮಕ್ಕಳಿಗೆ ಮಲದ ಪರೀಕ್ಷೆ ಸುಲಭ. ರಕ್ತದಲ್ಲಿ ಪ್ರತಿಕಾಯ ನೋಡುವ ಪರೀಕ್ಷೆಯೂ ಲ್ಯಾಬುಗಳ ಹೆಲ್ತ್ ಪ್ಯಾಕೇಜುಗಳಲ್ಲಿ ಸಿಗುತ್ತದೆ. ಮಕ್ಕಳ ಮಟ್ಟಿಗೆ ಅದಕ್ಕೆ ಕೊಟ್ಟ ದುಡ್ಡು ದಂಡ: ಹಿಂದೆಂದೋ ಬಂದು ಹೋದ ಸೋಂಕಿಗೂ ಅದು ಪಾಸಿಟಿವ್ ಎನ್ನುತ್ತದೆ.

ಪರೀಕ್ಷೆಗೆ ಮುನ್ನ ಒಂದು ತಯಾರಿಯಿದೆ, ಅವಸರದಲ್ಲಿ ಮರೆತುಹೋಗುವುದೂ ಇದೇ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ನಂಥ ‘ಗ್ಯಾಸ್ಟ್ರಿಕ್ ಮಾತ್ರೆ’ ನಿಲ್ಲಿಸಿ ಕನಿಷ್ಠ ಎರಡು ವಾರ, ಆ್ಯಂಟಿಬಯಾಟಿಕ್ ಮುಗಿದು ಕನಿಷ್ಠ ನಾಲ್ಕು ವಾರ ಆಗಿರಬೇಕು. ಇಲ್ಲವಾದರೆ ಬ್ಯಾಕ್ಟೀರಿಯಾ ಇದ್ದೂ ಇಲ್ಲವೆಂದು ಬರುತ್ತದೆ. ಗಂಟಲುನೋವಿಗೆ ಆ್ಯಂಟಿಬಯಾಟಿಕ್ ಸಿರಪ್, ಹೊಟ್ಟೆನೋವಿಗೆ ಗ್ಯಾಸ್ಟ್ರಿಕ್ ಮಾತ್ರೆ ಎರಡೂ ಆಗಲೇ ಬಿದ್ದಿರುವ ಮಗುವೇ ಹೆಚ್ಚಾಗಿ ಬರುವುದರಿಂದ, ಕಳೆದ ತಿಂಗಳು ಕೊಟ್ಟ ಔಷಧಿಗಳ ಚೀಟಿ ಜೊತೆಗಿರಲಿ. ಹಾಗೆಂದು ರಕ್ತ ಹೋಗುತ್ತಿರುವ ಮಗುವಿನ ಮಾತ್ರೆಯನ್ನು ಪರೀಕ್ಷೆಗಾಗಿ ಮನೆಯಲ್ಲೇ ನಿಲ್ಲಿಸುವುದು ಸಲ್ಲ. ಅದನ್ನು ವೈದ್ಯರೇ ಹೇಳಬೇಕು.

ಹದಿನಾಲ್ಕು ದಿನ

ಚಿಕಿತ್ಸೆ ಎಂದರೆ ಒಂದೇ ಮಾತ್ರೆಯಲ್ಲ. ಆಮ್ಲ ತಗ್ಗಿಸುವ ಔಷಧಿಯೊಂದು, ಜೊತೆಗೆ ಎರಡು ಆ್ಯಂಟಿಬಯಾಟಿಕ್. ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಇರುತ್ತದೆ, ಅದರ ಜೊತೆ ಕ್ಲಾರಿಥ್ರೋಮೈಸಿನ್ ಅಥವಾ ಮೆಟ್ರೊನಿಡಜೋಲ್. ಕೆಲವರಿಗೆ ಬಿಸ್ಮತ್ ಸೇರುತ್ತದೆ. ಆಮ್ಲ ತಗ್ಗಿದರೆ ಬ್ಯಾಕ್ಟೀರಿಯಾ ಬೆಳೆಯಲು ಶುರುಮಾಡುತ್ತದೆ, ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನೇ ಅಮಾಕ್ಸಿಸಿಲಿನ್ ಕೊಲ್ಲಬಲ್ಲದು. ಹೀಗೆ ಒಂದು ಔಷಧಿ ಇನ್ನೊಂದಕ್ಕೆ ಹಾದಿ ಮಾಡಿಕೊಡುತ್ತದೆ. ಎಂಟು ವರ್ಷದೊಳಗಿನವರಿಗೆ ಟೆಟ್ರಾಸೈಕ್ಲಿನ್ ಕೊಡುವುದಿಲ್ಲ, ಹಲ್ಲಿನ ಬಣ್ಣ ಕೆಡುತ್ತದೆ. ಮೆಟ್ರೊನಿಡಜೋಲ್‌ಗೆ ನಮ್ಮ ದೇಶದಲ್ಲಿ ಬ್ಯಾಕ್ಟೀರಿಯಾದ ಪ್ರತಿರೋಧ ಹೆಚ್ಚು, ಕ್ಲಾರಿಥ್ರೋಮೈಸಿನ್‌ಗೂ ಬೆಳೆಯುತ್ತಿದೆ. ಹಾಗಾಗಿ ಎಂಡೋಸ್ಕೋಪಿಯಲ್ಲಿ ತೆಗೆದ ಚೂರಿನಿಂದ ಯಾವ ಔಷಧಿಗೆ ಬಗ್ಗುತ್ತದೆ ಎಂದು ನೋಡುವ ಅನುಕೂಲವಿದ್ದರೆ ಅದು ಉತ್ತಮ. ಪಕ್ಕದ ಮನೆಯವರಿಗೆ ಕೊಟ್ಟ ‘ಕಿಟ್’ ಮೆಡಿಕಲ್ ಸ್ಟೋರಿನಿಂದ ತಂದು ಮಗುವಿಗೆ ಅರ್ಧರ್ಧ ಮುರಿದು ಕೊಡುವುದಂತೂ ಬೇಡವೇ ಬೇಡ. ಪ್ರಮಾಣ ಮಗುವಿನ ತೂಕದ ಮೇಲೆ ನಿಲ್ಲುತ್ತದೆ.

ಆಮ್ಲದ ಮಾತ್ರೆ ತಿಂಡಿಗೆ ಅರ್ಧ ಗಂಟೆ ಮೊದಲು. ಕ್ಯಾಪ್ಸೂಲ್ ಬಿಡಿಸಿದರೆ ಒಳಗಿನ ಪುಟ್ಟ ಕಾಳುಗಳನ್ನು ಅಗಿಯಬಾರದು, ಅರೆಯಬಾರದು. ಹದಿನಾಲ್ಕು ದಿನ ತುಂಬಬೇಕು. ಹೊಟ್ಟೆನೋವು ಆರನೇ ದಿನಕ್ಕೇ ನಿಂತಿತೆಂದು ಬಿಟ್ಟರೆ ಉಳಿದ ಬ್ಯಾಕ್ಟೀರಿಯಾ ಗಟ್ಟಿಯಾಗುತ್ತದೆ, ಮುಂದಿನ ಸಲದ ಆಯ್ಕೆಗಳು ಕಡಿಮೆಯಾಗುತ್ತವೆ. ಬಾಯಿ ಕಹಿ, ಲೋಹದ ರುಚಿ, ಸ್ವಲ್ಪ ಭೇದಿ ಇವೆಲ್ಲ ನಿರೀಕ್ಷಿತ. ಬೇಕಾದರೆ ಮೊಸರನ್ನ ಕೊಡಿ.

ಈ ಕಾಯಿಲೆಯ ಮಗುವಿಗೇ ವಿಶೇಷವಾದ ಮೂರು ಗೊಂದಲಗಳನ್ನು ಮನೆಯವರಿಗೆ ಮೊದಲೇ ಹೇಳಿರಬೇಕು. ಬಿಸ್ಮತ್ ಮಲವನ್ನು ಕಪ್ಪಾಗಿಸುತ್ತದೆ, ನಾವು ಕಾಯುತ್ತಿರುವ ಅಪಾಯದ ಗುರುತೂ ಕಪ್ಪು ಮಲವೇ. ಮೆಟ್ರೊನಿಡಜೋಲ್ ಕೆಲವರಿಗೆ ಮೂತ್ರವನ್ನು ಗಾಢ ಬಣ್ಣಕ್ಕೆ ತಿರುಗಿಸುತ್ತದೆ, ಮೂತ್ರಪಿಂಡದ ಎಚ್ಚರಿಕೆಯೂ ಗಾಢ ಮೂತ್ರವೇ. ಅಮಾಕ್ಸಿಸಿಲಿನ್ ಒಗ್ಗದವರಿಗೆ ಮೈಮೇಲೆ ದದ್ದು ಏಳುತ್ತದೆ, ಕಾಯಿಲೆ ಮರಳಿತೇನೋ ಅನ್ನಿಸುತ್ತದೆ. ಮೂರರಲ್ಲೂ ಊಹೆ ಬೇಡ. ಮಲ, ಮೂತ್ರವನ್ನು ಲ್ಯಾಬಿನಲ್ಲಿ ರಕ್ತಕ್ಕಾಗಿ ನೋಡಿಸಿದರೆ ಉತ್ತರ ಅದೇ ದಿನ ಸಿಗುತ್ತದೆ; ದದ್ದನ್ನು ಫೋಟೋ ತೆಗೆದು ವೈದ್ಯರಿಗೆ ತೋರಿಸಿ. ಉಸಿರಾಟ ಕಷ್ಟವಾದರೆ, ತುಟಿ ಊದಿದರೆ ಫೋಟೋಗೆ ಸಮಯವಿಲ್ಲ, ಔಷಧಿ ನಿಲ್ಲಿಸಿ ಓಡಬೇಕು.

ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರದ ನಂತರ ಉಸಿರು ಅಥವಾ ಮಲದ ಪರೀಕ್ಷೆ ಮತ್ತೆ ಮಾಡಿಸಿ, ಹೋಗಿದೆಯೇ ನೋಡಬೇಕು. ನೋವು ಹೋಯಿತಲ್ಲ, ಸಾಕು ಎನ್ನುವ ಹಾಗಿಲ್ಲ. ಎಚ್‌ಎಸ್‌ಪಿಯ ನೋವು ಹೇಗಿದ್ದರೂ ಆ ಹೊತ್ತಿಗೆ ತಾನಾಗಿ ಇಳಿದಿರುತ್ತದೆ, ಬ್ಯಾಕ್ಟೀರಿಯಾದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಮತ್ತೆ ಬರದಂತೆ? ಈ ಬ್ಯಾಕ್ಟೀರಿಯಾ ಬಾಯಿಂದ ಬಾಯಿಗೆ, ಮಲದಿಂದ ಬಾಯಿಗೆ ದಾಟುತ್ತದೆ. ಹೆಚ್ಚಾಗಿ ಬಾಲ್ಯದಲ್ಲಿ, ಮನೆಯೊಳಗೇ ಅಂಟುತ್ತದೆ. ಮಗುವಿನ ಚಮಚವನ್ನು ತಾವು ಬಾಯಿಗಿಟ್ಟು ಬಿಸಿ ನೋಡಿ ತಿನ್ನಿಸುವ ಅಜ್ಜಿಯರನ್ನು ಬೈಯಬೇಕಿಲ್ಲ, ಇನ್ನೊಂದು ಚಮಚ ಕೊಟ್ಟರಾಯಿತು. ಟ್ಯಾಂಕರ್ ಮತ್ತು ಬೋರ್‌ವೆಲ್ ನೀರಿನ ಬಡಾವಣೆಗಳಲ್ಲಿ ಕುದಿಸಿ ಆರಿಸಿದ ನೀರು ಒಳ್ಳೆಯದು. ಹೊಟ್ಟೆಯ ದೂರು ಇರುವ ಹಿರಿಯರು ಮನೆಯಲ್ಲಿದ್ದರೆ ಅವರೂ ಪರೀಕ್ಷಿಸಿಕೊಳ್ಳಲಿ.

ಕಿಡ್ನಿಯ ಲೆಕ್ಕ

ಎಚ್. ಪೈಲೋರಿಯ ಮಾತಿಗೆ ಇಷ್ಟು ಜಾಗ ಕೊಟ್ಟ ಮೇಲೂ ಹೇಳಬೇಕಾದದ್ದು: ಈ ಮಗುವಿನ ಭವಿಷ್ಯ ನಿಂತಿರುವುದು ಜಠರದ ಮೇಲಲ್ಲ, ಮೂತ್ರಪಿಂಡದ ಮೇಲೆ. ಬ್ಯಾಕ್ಟೀರಿಯಾ ಹೋಯಿತೆಂದು ನಿರಾಳವಾಗಿ ಮೂತ್ರ ಪರೀಕ್ಷೆ ಬಿಟ್ಟುಬಿಡುವುದು ಚಿಕಿತ್ಸೆಯನ್ನೇ ಮಾಡದಿರುವುದಕ್ಕಿಂತ ಕೆಟ್ಟದ್ದು.

2005ರಲ್ಲಿ 1133 ಮಕ್ಕಳ ದಾಖಲೆಗಳನ್ನು ಒಟ್ಟಿಗೆ ನೋಡಿದ ಪರಿಶೀಲನೆಯೊಂದರಲ್ಲಿ ಮೂರರಲ್ಲಿ ಒಂದು ಮಗುವಿಗೆ ಮೂತ್ರದಲ್ಲಿ ರಕ್ತವೋ ಪ್ರೋಟೀನೋ ಕಂಡುಬಂತು. ಹಾಗೆ ಕಂಡವರಲ್ಲಿ 85 ಶೇಕಡಾ ಮಕ್ಕಳಿಗೆ ಮೊದಲ ನಾಲ್ಕು ವಾರದಲ್ಲೇ, 97 ಶೇಕಡಾ ಮಕ್ಕಳಿಗೆ ಆರು ತಿಂಗಳೊಳಗೆ ಕಂಡಿತ್ತು. ಮೂತ್ರ ಉದ್ದಕ್ಕೂ ಸರಿಯಿದ್ದ ಮಕ್ಕಳಲ್ಲಿ ಒಬ್ಬರಿಗೂ ಮೂತ್ರಪಿಂಡದ ಶಾಶ್ವತ ತೊಂದರೆ ಬರಲಿಲ್ಲ. ಆರು ತಿಂಗಳ ಕಾವಲು ಎಂಬ ಮಾತು ಬಂದದ್ದು ಈ ಲೆಕ್ಕದಿಂದ.

ಮೊದಲೇ ಸ್ಟೀರಾಯ್ಡ್ ಕೊಟ್ಟು ಮೂತ್ರಪಿಂಡವನ್ನು ಕಾಪಾಡಬಹುದೇ ಎಂದು ಬ್ರಿಟನ್ನಿನಲ್ಲಿ 352 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2013ರಲ್ಲಿ ಬಂತು. ಪ್ರೆಡ್ನಿಸೊಲೋನ್ ಪಡೆದವರಿಗೂ ಪಡೆಯದವರಿಗೂ ವರ್ಷದ ಕೊನೆಯಲ್ಲಿ ವ್ಯತ್ಯಾಸವಿರಲಿಲ್ಲ. ತಡೆಯಲಾರದ ಹೊಟ್ಟೆನೋವಿಗೆ, ಗಂಟುನೋವಿಗೆ ಸ್ಟೀರಾಯ್ಡ್ ಉಪಕಾರಿ. ಮೂತ್ರಪಿಂಡಕ್ಕೆ ಆಗಲೇ ಪೆಟ್ಟು ಬಿದ್ದಿದ್ದರೆ ತಜ್ಞರು ಕೊಡುವ ಚಿಕಿತ್ಸೆಯಲ್ಲೂ ಅದಕ್ಕೆ ಜಾಗವಿದೆ. ಮುಂಜಾಗ್ರತೆಗೆಂದು ಎಲ್ಲರಿಗೂ ಅಲ್ಲ.

ಮನೆಯವರು ಮಾಡಬೇಕಾದದ್ದು ಕಷ್ಟದ್ದೇನಲ್ಲ. ಬೆಳಗಿನ ಮೊದಲ ಮೂತ್ರ, ಒಂದು ಸ್ಟ್ರಿಪ್ ಅಥವಾ ಬೀದಿಯ ಲ್ಯಾಬು. ಸಾಮಾನ್ಯವಾಗಿ ಮೊದಲ ತಿಂಗಳು ವಾರಕ್ಕೊಮ್ಮೆ, ಮುಂದಿನ ಎರಡು ತಿಂಗಳು ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರನೇ ತಿಂಗಳವರೆಗೆ ವೈದ್ಯರು ಹೇಳಿದ ಹಾಗೆ. ಮೂತ್ರದ ಜೊತೆ ಬಿಪಿಯನ್ನೂ ನೋಡಬೇಕು, ಅದೂ ಮಕ್ಕಳ ಅಳತೆಯ ಪಟ್ಟಿಯಲ್ಲಿ. ದೊಡ್ಡವರ ಪಟ್ಟಿ ಸುತ್ತಿದರೆ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಕಾಯಿಲೆ ಮರುಕಳಿಸಿದರೆ ಈ ಲೆಕ್ಕ ಮೊದಲಿನಿಂದ ಶುರು. ನೋವಿಗೆಂದು ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ಕೇಳದೆ ಕೊಡಬೇಡಿ: ಜಠರಕ್ಕೂ ಒಳ್ಳೆಯದಲ್ಲ, ಪೆಟ್ಟು ಬಿದ್ದ ಮೂತ್ರಪಿಂಡಕ್ಕೂ ಅಲ್ಲ.

ಮೂತ್ರದಲ್ಲಿ ಪ್ರೋಟೀನ್ ಉಳಿದೇಬಿಟ್ಟರೆ, ಮುಖ ಕಾಲು ಊದಿದರೆ, ಬಿಪಿ ಏರಿದರೆ, ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಮಕ್ಕಳ ಕಿಡ್ನಿ ತಜ್ಞರು ಬೇಕು. ಬೆಂಗಳೂರಿನಲ್ಲಿ ಸರ್ಕಾರದ ಕಡೆಯಿಂದ ವಿಕ್ಟೋರಿಯಾ ಪಕ್ಕದ ವಾಣಿ ವಿಲಾಸ ಆಸ್ಪತ್ರೆ, ನಿಮ್ಹಾನ್ಸ್ ಬಳಿಯ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಇವೆ. ಸೇಂಟ್ ಜಾನ್ಸ್‌ನಲ್ಲಿ ಮಕ್ಕಳ ಮೂತ್ರಪಿಂಡಕ್ಕೇ ಪ್ರತ್ಯೇಕ ವಿಭಾಗವಿದೆ. ಜ್ಞಾನಭಾರತಿಯಿಂದ ನೇರಳೆ ಮಾರ್ಗದ ಮೆಟ್ರೋ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳಿದರೆ ವಾಣಿ ವಿಲಾಸ ಹತ್ತಿರ. ಮೈಸೂರು ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಬೀಳುವುದಕ್ಕಿಂತ ಫಾಲೋಅಪ್‌ಗೆ ಇದು ವಾಸಿ. ಆದರೆ ಮಗು ಹೊಟ್ಟೆ ಹಿಡಿದು ಮುದುಡಿಕೊಳ್ಳುತ್ತಿದ್ದರೆ, ಹಸಿರು ವಾಂತಿ ಮಾಡುತ್ತಿದ್ದರೆ, ಮಲದಲ್ಲಿ ರಕ್ತ ಬೀಳುತ್ತಿದ್ದರೆ, ಗಂಡುಮಗುವಿಗೆ ವೃಷಣ ಊದಿ ನೋಯುತ್ತಿದ್ದರೆ ಮೆಟ್ರೋ ಬೇಡ, ಅತಿ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಅಲ್ಟ್ರಾಸೌಂಡ್ ಆಗಲಿ.

ವೈದ್ಯರನ್ನು ನೋಡಲು ಹೋಗುವಾಗ ಒಂದು ನೋಟ್‌ಬುಕ್ ಒಯ್ಯಿರಿ: ಕಲೆ ಎದ್ದ ತಾರೀಖು, ಅದಕ್ಕೆ ಮೊದಲು ಬಂದ ಶೀತ, ಕೊಟ್ಟ ಔಷಧಿಗಳು, ಪ್ರತಿ ಮೂತ್ರ ಪರೀಕ್ಷೆಯ ಫಲ, ಬಿಪಿ. ಎಚ್. ಪೈಲೋರಿಗೆ ಚಿಕಿತ್ಸೆ ಬೇಕು ಎಂದರೆ ಯಾಕೆ ಬೇಕು, ಯಾವ ಪರೀಕ್ಷೆಯಿಂದ ಗೊತ್ತಾಯಿತು, ಹೋಗಿದೆ ಎಂದು ಯಾವಾಗ ನೋಡುತ್ತೀರಿ ಎಂಬ ಮೂರು ಪ್ರಶ್ನೆ ಕೇಳಿ. ಬೇಡ ಎಂದರೂ ಯಾಕೆ ಬೇಡ ಎಂದು ಕೇಳಿ. ಎರಡಕ್ಕೂ ನಿಮಗೆ ಅರ್ಥವಾಗುವ ಉತ್ತರ ಸಿಗಬೇಕು. ಎಚ್. ಪೈಲೋರಿಯ ವಿಷಯ ಏನೇ ತೀರ್ಮಾನವಾದರೂ ಆರು ತಿಂಗಳ ಮೂತ್ರ ಪರೀಕ್ಷೆಯನ್ನು ಮಾತ್ರ ನಡುವೆ ಬಿಡಬೇಡಿ.